ಕಾಡು ಬಲ್ಲವರ ಯುದ್ಧ: ಘೋಡಬಂದರ್ ರಸ್ತೆಯಿಂದ ಅಮೆರಿಕದ ರೇಂಜರ್‌ಗಳವರೆಗೆ

ಥಾಣೆಯ ಮಾಜಿವಾಡಾ ಬಿಟ್ಟು ಘೋಡಬಂದರ್ ರಸ್ತೆ ಹಿಡಿಯಿರಿ. ಮಾನ್ಪಾಡಾ, ಪಾತಲೀಪಾಡಾ, ಕಾಸರವಡವಲಿ. ಮುಗಿಲೆತ್ತರದ ಕಟ್ಟಡಗಳು, ಮೆಟ್ರೊ ಕಂಬಗಳು, ಮುಗಿಯದ ಕಂಟೇನರ್ ಲಾರಿಗಳ ಸಾಲು. ಸಿಗ್ನಲ್‌ನಲ್ಲಿ ಸಿಕ್ಕಿಬಿದ್ದಾಗ ಒಮ್ಮೆ ಎಡಕ್ಕೆ ನೋಡಿ: ಯೇವೂರಿನ ಗುಡ್ಡ, ಅದರಾಚೆ ಇಂದಿಗೂ ಚಿರತೆ ಅಡ್ಡಾಡುವ ಕಾಡು. ಬಲಕ್ಕೆ, ಕಟ್ಟಡಗಳ ಬೆನ್ನಿಗೆ, ಉಲ್ಹಾಸ್ ನದಿಯ ಖಾಡಿ ಮತ್ತು ಕಾಂಡ್ಲಾ ಗಿಡಗಳ ಕೆಸರು. ಕವಾಯತು ಕಲಿತು ಸಾಲುಗಟ್ಟಿ ನಡೆಯುವ ಸೈನ್ಯಕ್ಕೆ ಇದಕ್ಕಿಂತ ಕೆಟ್ಟ ನೆಲ ಸಿಗಲಾರದು. ಕಾಡು, ನೀರು ಎರಡನ್ನೂ ಬಲ್ಲವನಿಗೋ, ಇಡೀ ನೆಲವೇ ಕೋಟೆ!

ಕಾಡಿನಲ್ಲಿ ಹೊಂಚುಹಾಕಿ ಕಾದಾಡಿದ ಅಮೆರಿಕದ ರೇಂಜರ್ ಪಡೆಗಳ ಚರಿತ್ರೆ ಓದುತ್ತಾ ಕುಳಿತವನಿಗೆ ಹೊಳೆದದ್ದು ಇದು. ನ್ಯೂಯಾರ್ಕಿನ ಉತ್ತರದ ಹಿಮದ ಕಾಡುಗಳಲ್ಲಿ ನಡೆದ ಅವರ ಯುದ್ಧದ ಒಡಹುಟ್ಟು ಇಲ್ಲೇ, ನಾವು ದಿನಾ ಹಾರ್ನ್ ಹೊಡೆಯುತ್ತಾ ದಾಟುವ ರಸ್ತೆಯ ಪಕ್ಕದಲ್ಲೇ ಇದೆ. ಅದೂ ಅಲ್ಲಿಗಿಂತ 20 ವರ್ಷ ಮೊದಲು!

1737ರ ಒಂದು ಬೇಸಿಗೆ

ಘೋಡಬಂದರ್ ಹಿಂದೆ ಕುದುರೆಗಳು ಹಡಗಿನಿಂದಿಳಿಯುತ್ತಿದ್ದ ಬಂದರು. ಸಾಷ್ಟಿ ದ್ವೀಪ, ಅಂದರೆ ಬಾಂದ್ರಾದಿಂದ ಥಾಣೆವರೆಗಿನ ನೆಲವೆಲ್ಲ, 1534ರಿಂದ ಪೋರ್ಚುಗೀಸರದು. ಖಾಡಿಯಾಚೆ ವಸಯಿಯಲ್ಲಿ ಅವರ ಮಹಾಕೋಟೆ. ಥಾಣೆಯಲ್ಲಿ ಇನ್ನೂ ಕಟ್ಟಿ ಮುಗಿಯದ ಮತ್ತೊಂದು ಕೋಟೆ. ಇಂದು ಥಾಣೆಯ ಸೆಂಟ್ರಲ್ ಜೈಲು ಇರುವುದು ಅದರೊಳಗೇ. ಎರಡರ ನಡುವಿನ ನೀರುದಾರಿಗೆ ಕಾವಲಾಗಿ ನಿಂತದ್ದು ಘೋಡಬಂದರಿನ ಪುಟ್ಟ ಕೋಟೆ.

ಮರಾಠಾ ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪ ಈ ದ್ವೀಪಕ್ಕೆ ಕೈಹಾಕಿದಾಗ ಅವನ ಬಲವಿದ್ದದ್ದು ಮಾವಳೆಗಳಲ್ಲಿ. ಸಹ್ಯಾದ್ರಿಯ ಕಣಿವೆಗಳಲ್ಲಿ ಬೆಳೆದ, ಗುಡ್ಡ ಹತ್ತುವುದನ್ನು ನಡಿಗೆಯಷ್ಟೇ ಸಲೀಸಾಗಿ ಕಲಿತ ಕಾಲಾಳುಗಳು ಅವರು. ಆದರೆ ಬೆಟ್ಟದ ಮಕ್ಕಳಿಗೆ ಖಾಡಿಯ ಗುಟ್ಟು ತಿಳಿಯುವುದೆಲ್ಲಿಂದ? ಉಬ್ಬರ ಎಷ್ಟು ಹೊತ್ತಿಗೆ, ಇಳಿತದಲ್ಲಿ ಕಾಲಿಡಬಹುದಾದ ಕೆಸರು ಯಾವುದು, ಕಾವಲುಗಾರನ ಕಣ್ಣಿಗೆ ಬೀಳದ ದಡ ಯಾವುದು?

ಇಲ್ಲಿ ಪ್ರವೇಶವಾಗುತ್ತದೆ ಒಂದು ಕುಟುಂಬ: ಭಿವಂಡಿ ಬಳಿಯ ಅಂಜೂರಿನ ನಾಯಕರು. ಪೋರ್ಚುಗೀಸರ ಧಾರ್ಮಿಕ ದಬ್ಬಾಳಿಕೆಯಿಂದ ಬೇಸತ್ತ ಈ ಮನೆತನದ ಗಂಗಾಜಿ ನಾಯಕ ಪುಣೆಗೆ ಮೊರೆಯಿಟ್ಟ, ಸ್ಥಳೀಯರನ್ನು ಒಗ್ಗೂಡಿಸಿದ, ದಾರಿ ತೋರಿಸಿದ. ಈ ಕಥೆಯನ್ನು ಹಿಡಿದಿಟ್ಟದ್ದು ಮರಾಠಿಯ ‘ಸಾಷ್ಟೀಚಿ ಬಖರ್’.

1737ರ ಬೇಸಿಗೆಯಲ್ಲಿ ಕತ್ತಲ ಮರೆಯಲ್ಲಿ ಪಡೆಗಳು ಖಾಡಿ ದಾಟಿದವು. ಥಾಣೆ ಬಿತ್ತು. ಘೋಡಬಂದರಿನ ಗೋಡೆ ಹತ್ತಿ ಅದನ್ನೂ ಹಿಡಿದರು. ಆಮೇಲೆ ನಡೆದದ್ದೇ ಚಮತ್ಕಾರ: ಆ ಪುಟ್ಟ ಕೋಟೆ ಕೈಸೇರಿದ್ದೇ ತಡ, ವಸಯಿಯಿಂದ ಥಾಣೆಯತ್ತ ನೀರಮೇಲೆ ಬರುವ ದಾರಿಯೇ ಮುಚ್ಚಿಹೋಯಿತು! ವಸಯಿ ಮಾತ್ರ ಸುಲಭಕ್ಕೆ ಮಣಿಯಲಿಲ್ಲ. ಸುರಂಗ ತೋಡಿ, ಮದ್ದು ತುಂಬಿ, ಬುರುಜು ಸಿಡಿಸಿ, ಮರಾಠರು ಸಾವಿರಾರು ಜೀವ ತೆತ್ತ ಮೇಲೆ ಅದು 1739ರ ಮೇ ತಿಂಗಳಲ್ಲಿ ಶರಣಾಯಿತು.

ಹಡ್ಸನ್ ದಂಡೆಯ ಹಸಿರು ಕೋಟುಗಳು

ಈಗ ಸಮುದ್ರ ದಾಟೋಣ. 1757. ಫ್ರೆಂಚರಿಗೂ ಬ್ರಿಟಿಷರಿಗೂ ಅಮೆರಿಕದ ಕಾಡುಗಳಲ್ಲಿ ಕಾಳಗ. ಹಡ್ಸನ್ ನದಿಯ ಒಂದು ದ್ವೀಪದಲ್ಲಿ ಬ್ರಿಟಿಷರ ಪರ ಬೀಡುಬಿಟ್ಟಿದ್ದ ರಾಬರ್ಟ್ ರೋಜರ್ಸ್ ತನ್ನ ಹಸಿರು ಕೋಟಿನ ರೇಂಜರ್‌ಗಳಿಗಾಗಿ 28 ನಿಯಮಗಳನ್ನು ಬರೆದ. ಒಂದೇ ಗುಂಡಿಗೆ ಇಬ್ಬರು ಬೀಳದಷ್ಟು ಅಂತರವಿಟ್ಟು ಒಬ್ಬರ ಹಿಂದೊಬ್ಬರು ನಡೆಯಿರಿ. ಕೆಸರು ನೆಲ ಬಂದರೆ ಅಕ್ಕಪಕ್ಕ ಹರಡಿ ನಡೆಯಿರಿ, ಹೆಜ್ಜೆ ಜಾಡು ಸಿಗದಿರಲಿ. ಹೋದ ದಾರಿಯಲ್ಲಿ ಮರಳಬೇಡಿ. ಓದುತ್ತಿದ್ದರೆ ಮೈ ಜುಮ್ಮೆನ್ನುತ್ತದೆ. ಕಾಸರವಡವಲಿಯ ಹಿಂದಿನ ಕೆಸರಿಗೂ ಇದೇ ನಿಯಮ ಸಲ್ಲುತ್ತದಲ್ಲ!

ರೋಜರ್ಸ್‌ಗೂ ಮೊದಲಿಗನಿದ್ದ. 1676ರ ಹೊತ್ತಿಗೆ ಪ್ಲಿಮತ್ ವಸಾಹತಿನ ಬೆಂಜಮಿನ್ ಚರ್ಚ್ ಬಿಳಿಯರನ್ನೂ ಮೂಲನಿವಾಸಿಗಳನ್ನೂ ಸೇರಿಸಿ ಒಂದು ಪಡೆ ಕಟ್ಟಿದ್ದ. ಕಾಡಿನ ಯುದ್ಧವನ್ನು ಅವನಿಗೆ ಕಲಿಸಿದವರು ಮೂಲನಿವಾಸಿಗಳೇ. ರೋಜರ್ಸ್‌ನ ಜೊತೆಗೂ ಸ್ಟಾಕ್‌ಬ್ರಿಜ್‌ನ ಮೊಹಿಕನ್ ಯೋಧರಿದ್ದರು. ಅದೇ ರೋಜರ್ಸ್ 1759ರಲ್ಲಿ ಸೇಂಟ್ ಫ್ರಾನ್ಸಿಸ್ ಎಂಬ ಅಬೆನಾಕಿ ಮೂಲನಿವಾಸಿಗಳ ಹಳ್ಳಿಗೆ ಬೆಂಕಿಯಿಟ್ಟ. ಹೆಂಗಸರು, ಮಕ್ಕಳೂ ಸತ್ತರು. ಕಾಡಿನ ವಿದ್ಯೆ ಕಲಿಸಿದ ಜನರ ಮೇಲೆಯೇ ಆ ವಿದ್ಯೆಯ ಪ್ರಯೋಗವಾಯಿತು.

ನಮ್ಮ ದೊಡ್ಡೇರಿ!

ಬೆರಗು ಇನ್ನೂ ಮುಗಿದಿಲ್ಲ. ಮರಾಠರ ಈ ಕಳ್ಳಹೆಜ್ಜೆಯ ಕದನಕ್ಕೆ ಕನ್ನಡದ ನೆಲದ ನಂಟಿದೆ. 1695ರ ನವೆಂಬರ್. ಇಂದಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿ. ಔರಂಗಜೇಬನ ಸರದಾರ ಕಾಸಿಮ್ ಖಾನ್ ಭಾರಿ ದಂಡಿನೊಂದಿಗೆ ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆಯನ್ನು ಹಿಡಿಯಲು ಬಂದ. ಸಂತಾಜಿ ತನ್ನವರನ್ನು ಮೂರು ಭಾಗ ಮಾಡಿ, ಖಾನ್ ಮುಂದೆ ಕಳಿಸಿದ್ದ ಡೇರೆಗಳನ್ನೇ ಮೊದಲು ಸುಟ್ಟ. ಚಿತ್ರದುರ್ಗದ ಬಿಚ್ಚುಗತ್ತಿ ಭರಮಣ್ಣ ನಾಯಕ ಸಂತಾಜಿಯ ಪಕ್ಷ ವಹಿಸಿದ. ಬೇಡರ ಬಂದೂಕುಗಾರರ ಗುರಿಗೆ ಮೊಗಲರು ನಡುಗಿದರು. ಖಾನ್ ದೊಡ್ಡೇರಿಯ ಪುಟ್ಟ ಕೋಟೆಯಲ್ಲಿ ಸಿಕ್ಕಿಬಿದ್ದು ಅಲ್ಲಿಯೇ ಸತ್ತ. ನೆರವಿಗೆ ಬಂದ ಹಿಮ್ಮತ್ ಖಾನ್ 1696ರ ಜನವರಿಯಲ್ಲಿ ಬಸವಾಪಟ್ಟಣದ ಬಳಿ ಹಣೆಗೆ ಗುಂಡು ತಗುಲಿ ಮಡಿದ. ರೋಜರ್ಸ್ ತನ್ನ ನಿಯಮ ಬರೆಯುವುದಕ್ಕೆ 60ಕ್ಕೂ ಹೆಚ್ಚು ವರ್ಷ ಮುಂಚೆ!

ಕಡಲಿನ ಎರಡು ದಡಗಳು

ಇನ್ನು ಕಾಲದ ಆಟ ನೋಡಿ. 1774ರ ಡಿಸೆಂಬರ್ 28ರಂದು ಬ್ರಿಟಿಷರು ಥಾಣೆ ಕೋಟೆಯನ್ನು ಮರಾಠರಿಂದ ಕಸಿದರು. ನಾಲ್ಕು ತಿಂಗಳು ತುಂಬುವ ಮೊದಲೇ, 1775ರ ಏಪ್ರಿಲ್ 19ರಂದು, ಲೆಕ್ಸಿಂಗ್ಟನ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯಯುದ್ಧದ ಮೊದಲ ಗುಂಡು ಹಾರಿತು. ದಕ್ಷಿಣ ಕ್ಯಾರೊಲಿನಾದ ಜೌಗು ಕಾಡುಗಳಲ್ಲಿ ಅಮೆರಿಕನ್ ಪಡೆಯ ಫ್ರಾನ್ಸಿಸ್ ಮೇರಿಯನ್‌ನ ಸವಾರರು ಬ್ರಿಟಿಷ್ ದಳಪತಿ ಲಾರ್ಡ್ ಕಾರ್ನ್‌ವಾಲಿಸ್‌ನ ಸರಬರಾಜು ಕತ್ತರಿಸಿ ಮಾಯವಾಗುತ್ತಿದ್ದರು. 1781ರಲ್ಲಿ ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಲ್ಲಿ ಶರಣಾದ.

ಹತ್ತು ವರ್ಷದ ಬಳಿಕ ಅವನು ಎಲ್ಲಿದ್ದ? ಶ್ರೀರಂಗಪಟ್ಟಣದ ಎದುರು! 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಹಗುರ ಕುದುರೆ ಸವಾರರು ಅವನ ಧಾನ್ಯದ ದಾರಿ ತಡೆದರು, ಪತ್ರ ಒಯ್ಯುವವರನ್ನೂ ಬಿಡಲಿಲ್ಲ. ಹಸಿದ ಸೈನ್ಯದೊಂದಿಗೆ ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಿದ. ನೆರವಿಗೆ ಬರುತ್ತಿದ್ದ ಮರಾಠಾ ಸೈನ್ಯ ಅಷ್ಟು ಹತ್ತಿರವಿದೆ ಎಂಬ ಸುದ್ದಿಯೂ ಅವನಿಗೆ ತಲುಪಿರಲಿಲ್ಲ!

ಇನ್ನೊಂದು ಸಂಗತಿ ಕೇಳಿದರೆ ಕುರ್ಚಿಯಿಂದ ಎದ್ದು ನಿಲ್ಲುತ್ತೀರಿ. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ಅನ್ನು ಸೆರೆಹಿಡಿಯಿತು. ಅದರ ನಾಯಕ ಜೋಷುವಾ ಬಾರ್ನಿ. ಹಡಗಿನ ಹೆಸರು ‘ಹೈದರ್ ಅಲಿ’! ಬ್ರಿಟಿಷರನ್ನು ಕಾಡಿದ ಮೈಸೂರಿನ ಹೆಸರು ಅಟ್ಲಾಂಟಿಕ್ ದಾಟಿ ಅಮೆರಿಕದ ಹಡಗಿನ ಮೇಲೆ ಕುಳಿತಿತ್ತು. ಮುಂದಿನ ತಿಂಗಳೇ ಇತ್ತ ಮರಾಠರೊಂದಿಗೆ ಸಾಲ್ಬಾಯಿ ಒಪ್ಪಂದವಾಗಿ ಸಾಷ್ಟಿ ಬ್ರಿಟಿಷರ ಪಾಲಿಗೆ ಉಳಿಯಿತು.

ಯಾರು ಯಾರಿಂದ ಕಲಿತರೆಂದು ಕೇಳುವ ಅಗತ್ಯವೇ ಇಲ್ಲ. ಈ ಎರಡು ದಡಗಳ ಕಾಡು ಬಲ್ಲವರು ಒಬ್ಬರನ್ನೊಬ್ಬರು ಕಂಡವರಲ್ಲ. ಜೌಗು, ಕಾಡು, ಗುಡ್ಡ ಎಲ್ಲಿದ್ದರೂ ಅಲ್ಲಿಯ ಮನುಷ್ಯನಿಗೆ ಅದೇ ಪಾಠ ಹೇಳಿಕೊಡುತ್ತವೆ. ದೊರೆಗಳು ಗೆದ್ದದ್ದು ಅವನ ಕಾಲು, ಅವನ ಕಣ್ಣನ್ನು ನಂಬಿ. ಕೀರ್ತಿ ಹಂಚುವಾಗ ಮಾತ್ರ ಅವನು ಕೊನೆಯ ಸಾಲಿಗೆ ಹೋದ. ಮೊಹಿಕನ್ ಯೋಧನಿಗೂ ಇದೇ ಗತಿ, ಖಾಡಿಯ ದೋಣಿಯವನಿಗೂ, ದೊಡ್ಡೇರಿಯ ಬೇಡ ಬಂದೂಕುಗಾರನಿಗೂ.

ಥಾಣೆಯಲ್ಲಿ, ಡೊಂಬಿವಲಿಯಲ್ಲಿ, ನವಿ ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಒಂದು ವಿನಂತಿ. ಈ ಭಾನುವಾರ ಮಾಲ್‌ಗೆ ಹೋಗುವ ಬದಲು ಮಕ್ಕಳನ್ನು ಕರೆದುಕೊಂಡು ಘೋಡಬಂದರ್ ಕೋಟೆ ಹತ್ತಿ. ಕೆಳಗಿನ ಖಾಡಿಯನ್ನು ತೋರಿಸಿ. ಗಂಗಾಜಿ ನಾಯಕನ ಹೆಸರು ಹೇಳಿ, ಬಿಚ್ಚುಗತ್ತಿ ಭರಮಣ್ಣನ ಹೆಸರನ್ನೂ ಹೇಳಿ. ಪಠ್ಯಪುಸ್ತಕ ಹೇಳುವವರೆಗೆ ಕಾಯಬೇಡಿ.