ಒಂದೇ ಹಣ್ಣು, ಎರಡು ಸೀಸೆ

ಮೈಸೂರಿನಿಂದ ಹುಣಸೂರಿನ ದಾರಿ ಹಿಡಿದರೆ ಸಿಗುವ ಇಲವಾಲ ನಮ್ಮ ಸದಸ್ಯ ಬಾಂಧವರಿಗೆ ಅಪರಿಚಿತ ಊರೇನೂ ಅಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೋ ಆಸ್ಪತ್ರೆಗೋ ಕೊಡಗಿನಿಂದ ಇಳಿದು ಬರುವವರು ಅಲ್ಲಿ ಒಂದು ಲೋಟ ಕಾಫಿಗೆ ನಿಲ್ಲುವುದು ವಾಡಿಕೆ. ತೋಟವನ್ನು ಮಕ್ಕಳಿಗೆ ವಹಿಸಿ ಅಲ್ಲಿಯೇ ಸೈಟು ಕೊಂಡು ಮನೆ ಕಟ್ಟಿಕೊಂಡವರೂ ಉಂಟು. ಈಚೆಗೆ ನಾವು ಅಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರ ಮಗಳ ಮನೆಗೆ ಹೋಗಿದ್ದೆವು. ಅಡುಗೆಮನೆಯ ಕಪಾಟಿನಲ್ಲಿ ಎರಡು ಸೀಸೆಗಳು ಪಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ತಾಯಿ ತೋಟದಿಂದ ಕಳುಹಿಸಿಕೊಟ್ಟ ಕಾಚಂಪುಳಿ, ಕೀಲೆಣ್ಣೆಯಂತೆ ಕಪ್ಪಗೆ ಮಂದವಾದದ್ದು. ಇನ್ನೊಂದು ಮನೆಬಾಗಿಲಿಗೇ ತರಿಸಿಕೊಂಡ ಪ್ಲಾಸ್ಟಿಕ್ ಸೀಸೆ; ಮೇಲೆ ನಮ್ಮದೇ ಹಣ್ಣಿನ ಚಿತ್ರ, ಒಳಗೆ ತೂಕ ಇಳಿಸುವ ಕ್ಯಾಪ್ಸೂಲು.

"ಎರಡೂ ಒಂದೇ ಅಲ್ಲವಾ ಮಾಮ? ಅಜ್ಜಿ ಕಾಲದಿಂದ ತಿನ್ನುತ್ತಿರೋದು ತಾನೆ?" ಎಂದು ಆಕೆ ಕೇಳಿದಳು.

ಎರಡು ತಿಂಗಳು ಆ ಕ್ಯಾಪ್ಸೂಲು ನುಂಗಿದ್ದಳಂತೆ. ತೂಕ ಹೆಚ್ಚೇನೂ ಇಳಿದಿರಲಿಲ್ಲ. ಊಟ ಸೇರದು, ಮೈಯಲ್ಲಿ ಬಲವಿಲ್ಲ ಎಂದು ಡಾಕ್ಟರ ಹತ್ತಿರ ಹೋದಾಗ ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಲೆಕ್ಕ ಏರಿರುವುದು ತಿಳಿಯಿತು. ಎಲ್ಲ ಮಾತ್ರೆಗಳ ಹೆಸರು ಕೇಳಿದ ಡಾಕ್ಟರು ಮೊದಲು ಇದನ್ನು ನಿಲ್ಲಿಸಿ ಎಂದರು. ನಿಲ್ಲಿಸಿದ ಕೆಲವು ವಾರಗಳಲ್ಲಿ ಲೆಕ್ಕ ಸರಿಹೋಯಿತು. ಅದರಿಂದಲೇ ಆಯಿತೆಂದು ಡಾಕ್ಟರು ಪ್ರಮಾಣ ಮಾಡಿ ಹೇಳಲಿಲ್ಲ. ಮತ್ತೆ ಮುಟ್ಟಬೇಡಿ ಎಂದು ಮಾತ್ರ ಹೇಳಿದರು.

ಈ ಮಾತು ನಮಗೆ ನಾಟಲು ಬೇರೊಂದು ಕಾರಣವೂ ಇತ್ತು. ಅದೇ ದಿನಗಳಲ್ಲಿ ನಮ್ಮ ಕಚೇರಿಗೆ ವ್ಯಾಪಾರಿಯೊಬ್ಬರ ಕಾಗದ ಬಂದಿತ್ತು. ಸದಸ್ಯರ ತೋಟಗಳ ಒಣಸಿಪ್ಪೆಯನ್ನೆಲ್ಲ ಕೊಳ್ಳುತ್ತೇವೆ, ಕಾಚಂಪುಳಿಯನ್ನೂ ಸೀಸೆಗೆ ತುಂಬಿ ಸಂಘದ ಹೆಸರಿನಲ್ಲಿಯೇ ಮಾರೋಣ, ಆದರೆ ಚೀಟಿಯ ಮೇಲೆ 'ಬೊಜ್ಜು ಕರಗಿಸುವ ಪಾರಂಪರಿಕ ಔಷಧಿ' ಎಂದು ಅಚ್ಚಾಗಬೇಕು ಎಂಬುದು ಅವರ ಷರತ್ತು. ಆ ಚೀಟಿಯ ಕರಡನ್ನು ಬರೆದವರು ನಾವೇ. ಬರೆಯುವಾಗ ಕೈ ನಡುಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಇಲವಾಲದಿಂದ ಹಿಂದಿರುಗಿದ ಮೇಲೆ ಕೂತು ಓದಿದೆವು, ಹಿರಿಯರನ್ನು ವಿಚಾರಿಸಿದೆವು. ತಿಳಿದದ್ದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲು ಮರದ ಗುರುತು. ಸಿರ್ಸಿ ಸಿದ್ದಾಪುರದ ಕಡೆ ಇದು ಉಪ್ಪಾಗೆ, ದಕ್ಷಿಣ ಕನ್ನಡದಲ್ಲಿ ಮಂತುಹುಳಿ, ಕೇರಳದಲ್ಲಿ ಕುಡಂಪುಳಿ. ಕೊಡಗಿನಲ್ಲಿ ಹಣ್ಣು ಪಣಪುಳಿ, ಅದರ ಕುದಿಸಿದ ರಸ ಕಾಚಂಪುಳಿ. ಶಾಸ್ತ್ರೀಯ ಹೆಸರು ಗಾರ್ಸೀನಿಯ ಗಮ್ಮಿಗಟ್ಟ; ಹಳೆಯ ಪುಸ್ತಕಗಳಲ್ಲಿಯೂ ಮಾತ್ರೆಯ ಸೀಸೆಗಳ ಮೇಲೂ ಗಾರ್ಸೀನಿಯ ಕ್ಯಾಂಬೋಜಿಯ ಎಂದಿರುತ್ತದೆ, ಎರಡೂ ಒಂದೇ. ಹಣ್ಣು ಮರಿ ಸಿಹಿಗುಂಬಳದಂತೆ ಏಣೇಣಾಗಿ, ಮಾಗಿದಾಗ ಹಳದಿಯಾಗಿರುತ್ತದೆ. ಮುರುಗಲು ಅಥವಾ ಪುನರ್ಪುಳಿ ಇದರ ದಾಯಾದಿ, ಆದರೆ ಬೇರೆ ಮರ; ಅದರ ಹಣ್ಣು ನುಣುಪು, ಕಡುಗೆಂಪು. ಪಿತ್ತಗಂಧೆಗೆ ಕುಡಿಯುವ ಪಾನಕ, ಒಡೆದ ಹಿಮ್ಮಡಿಗೆ ಹಚ್ಚುವ ತುಪ್ಪ ಇವು ಮುರುಗಲಿನವು. ಪೇಟೆಯವರು ಎರಡರ ಗುಣವನ್ನೂ ಒಂದೇ ಮರದ ತಲೆಗೆ ಕಟ್ಟಿಬಿಡುತ್ತಾರೆ.

ಹಾಗಾದರೆ ಹಿರಿಯರು ಉಪ್ಪಾಗೆಯನ್ನು ಯಾವುದಕ್ಕೆ ಬಳಸುತ್ತಿದ್ದರು? ಎಲ್ಲಕ್ಕಿಂತ ಮೊದಲು ಅಡುಗೆಗೆ. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿ ಹಾಕಿ, ಕೆಳಗೆ ಪಾತ್ರೆಯಿಟ್ಟು, ತಾನಾಗಿ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗಾಗುವವರೆಗೆ ಗಂಟೆಗಟ್ಟಲೆ ಕುದಿಸಿದರೆ ಕಾಚಂಪುಳಿ. ಅದು ವರ್ಷಗಟ್ಟಲೆ ಕೆಡದು. ಪಂದಿ ಕರಿ ಮನೆಮಂದಿಗೆಲ್ಲ ಆಗುವಷ್ಟು ಮಾಡಿದರೂ ಒಂದೆರಡು ಚಮಚ ಸಾಕು. ಕೇರಳದವರು ಒಣಸಿಪ್ಪೆಯನ್ನು ಮೀನಿನ ಸಾರಿಗೆ ಹಾಕುತ್ತಾರೆ. ಹುಳಿ ಹಾಕಿದ ಮೀನು ಬೇಗ ಕೆಡದು ಎಂಬ ತಿಳಿವಳಿಕೆಯೂ ಅದರ ಹಿಂದಿದೆ. ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಕೊಬ್ಬು. ಉತ್ತರ ಕನ್ನಡದ ಮನೆಗಳಲ್ಲಿ ಇದನ್ನು ತೆಗೆದು ಉಪ್ಪಾಗೆ ತುಪ್ಪವೆಂದು ದೋಸೆಗೆ ಹಾಕುತ್ತಿದ್ದರು.

ಔಷಧಿಯ ಬಳಕೆ ಇದಕ್ಕಿಂತ ಸಣ್ಣದು, ಆದರೆ ಸುಳ್ಳಲ್ಲ. ಸಿಪ್ಪೆಯ ಕಷಾಯವನ್ನು ವಾತದ ನೋವಿಗೂ ಹೊಟ್ಟೆಯ ತೊಂದರೆಗೂ ಕೊಡುತ್ತಿದ್ದರು. ದನಕರುಗಳ ಬಾಯಿ ಹುಣ್ಣಾದಾಗ ಅದೇ ಕಷಾಯದಿಂದ ಬಾಯಿ ತೊಳೆಯುತ್ತಿದ್ದರು. (ಕಾಲುಬಾಯಿ ಜ್ವರಕ್ಕೆ ಲಸಿಕೆಯೇ ಬೇಕು, ಕಷಾಯವಿದೆಯೆಂದು ಲಸಿಕೆ ತಪ್ಪಿಸಬಾರದು.) ತೊಗಟೆಯಿಂದ ಒಸರುವ ಹಳದಿ ಅಂಟು ಬೇಧಿಗೆ. ಚಿನ್ನ ಬೆಳ್ಳಿಯ ಕೊಳೆ ತೆಗೆಯಲು, ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಆಮ್ಲದ ಬದಲಿಗೆ ಸಹ ಈ ಹುಳಿ ಬಳಕೆಯಾಗಿದೆ. ಇವೆಲ್ಲವೂ ಆಗಾಗ, ಅಗತ್ಯ ಬಿದ್ದಾಗ, ಕೆಲವು ದಿನದ ಮಟ್ಟಿಗೆ. ಬೊಜ್ಜು ಇಳಿಸಲು ಯಾರಾದರೂ ಕೊಟ್ಟದ್ದುಂಟೆ ಎಂದು ನಾವು ಕೇಳಿದ ಹಿರಿಯರಲ್ಲಿ ಒಬ್ಬರೂ ಹೌದೆನ್ನಲಿಲ್ಲ. ಎಂಬತ್ತು ದಾಟಿದ ತಾಯಿಯೊಬ್ಬರು ನಕ್ಕು, "ನಮ್ಮ ಕಾಲದಲ್ಲಿ ಮೈ ತುಂಬಿಸಿಕೊಳ್ಳೋದಕ್ಕೆ ಔಷಧಿ ಕೇಳ್ತಿದ್ರು, ಇಳಿಸೋದಕ್ಕಲ್ಲ" ಎಂದರು.

ಹಾಗಾದರೆ ಬೊಜ್ಜಿನ ಮಾತು ಎಲ್ಲಿಂದ ಬಂತು? ಅದರ ಮೊದಲ ಹೆಜ್ಜೆ ಬಿದ್ದದ್ದು ಇಲವಾಲದಿಂದ ಮುಕ್ಕಾಲು ಗಂಟೆಯ ದಾರಿಯೂ ಇಲ್ಲದ ಕಡೆ, ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ. ಈ ಹಣ್ಣಿನ ಹುಳಿ ಹುಣಸೆಯದೂ ನಿಂಬೆಯದೂ ಇರಬೇಕೆಂದು ಅದಕ್ಕೆ ಮೊದಲು ಭಾವಿಸಿದ್ದರು. 1965ರಲ್ಲಿ ಅಲ್ಲಿನ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಇದು ಬೇರೆಯೇ ಆಮ್ಲ, ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ಒಣಸಿಪ್ಪೆಯ ತೂಕದಲ್ಲಿ ನೂರಕ್ಕೆ 10ರಿಂದ 30 ಪಾಲಿನವರೆಗೆ ಇದೇ ಇರುತ್ತದೆ. 1969ರಲ್ಲಿ ಅಮೆರಿಕದ ಸಂಶೋಧಕರು, ದೇಹದಲ್ಲಿ ಸಕ್ಕರೆ ಪದಾರ್ಥ ಕೊಬ್ಬಾಗುವ ದಾರಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಕಂಡರು. ಮುಂದೆ ಇಲಿಗಳಿಗೆ ಕೊಟ್ಟಾಗ ಅವು ತಿನ್ನುವುದು ಕಡಿಮೆಯಾಯಿತು, ಮೈಯ ಕೊಬ್ಬೂ ಇಳಿಯಿತು. ಇಷ್ಟು ಸಾಕಾಯಿತು. 1990ರ ದಶಕದಲ್ಲಿ ಕ್ಯಾಪ್ಸೂಲುಗಳ ಸುರಿಮಳೆಯಾಯಿತು.

ಮನುಷ್ಯರ ಮೇಲೆ ಸರಿಯಾದ ಪರೀಕ್ಷೆಯ ಫಲಿತಾಂಶ ಅಚ್ಚಾದದ್ದು 1998ರಲ್ಲಿ, ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ. 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, 12 ವಾರ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿಮಾತ್ರೆ ಕೊಟ್ಟರು. ಇಬ್ಬರಿಗೂ ಒಂದೇ ಪಥ್ಯ. ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದರೆ, ಹುಸಿಮಾತ್ರೆಯವರು 4.1 ಕಿಲೋ ಇಳಿದರು. ಆ ಅಂತರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲವೆಂದು ತಜ್ಞರು ಹೇಳುತ್ತಾರೆ. ಹೇಗಿದ್ದರೂ ಇಳಿಸಿದ್ದು ಪಥ್ಯವೇ ಹೊರತು ನಮ್ಮ ಹಣ್ಣಲ್ಲ.

ಯಕೃತ್ತಿನ ವಿಷಯವನ್ನೂ ಹೇಳಲೇಬೇಕು. ಅಮೆರಿಕದಲ್ಲಿ ಔಷಧಿ ಮತ್ತು ಮೂಲಿಕೆಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ವೈದ್ಯರ ತಂಡವೊಂದು, ಈ ಹಣ್ಣಿನ ಸಾರವಿದ್ದ ಮಾತ್ರೆ ತಿಂದು ಕಾಯಿಲೆ ಬಿದ್ದ 22 ಮಂದಿಯ ವಿವರವನ್ನು 2022ರಲ್ಲಿ ಪ್ರಕಟಿಸಿತು. ಹೆಚ್ಚಿನವರ ಮಾತ್ರೆಯಲ್ಲಿ ಹಸಿರು ಚಹಾದ ಸಾರವೂ ಸೇರಿತ್ತು. ಐವರ ಮಾತ್ರೆಯಲ್ಲಿ ಇದೊಂದೇ ಇತ್ತು. ಲಕ್ಷಾಂತರ ಜನ ತಿಂದಿರುವಾಗ ಇದು ಅಪರೂಪವೇ. ಆದರೆ ಯಾರಿಗೆ ಬರುತ್ತದೆಂದು ತಿನ್ನುವ ಮೊದಲು ಗೊತ್ತಾಗುವುದಿಲ್ಲ, ತಿಂದರೆ ಲಾಭವೂ ಕಾಣದು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡು ಸೀಸೆಗಳಲ್ಲಿಯೂ ಇರುವ ಆಮ್ಲ ಒಂದೇ. ಒಂದು, ವಾರಕ್ಕೋ ಹಬ್ಬಕ್ಕೋ ಒಂದು ಚಮಚ, ಮನೆಮಂದಿಗೆಲ್ಲ ಹಂಚಿ, ಊಟದ ಜೊತೆ. ಇನ್ನೊಂದು, ಒಬ್ಬರೇ, ದಿನಕ್ಕೆ ಮೂರು ಹೊತ್ತು, ಬರಿಹೊಟ್ಟೆಗೆ, ತಿಂಗಳುಗಟ್ಟಲೆ. ಅಜ್ಜಿ ಕೊಟ್ಟದ್ದು ಮೊದಲನೆಯದು.

ಮಾತ್ರೆಯ ಕಾಲದಲ್ಲಿ ಮರಕ್ಕಾದದ್ದು ಇನ್ನೊಂದು ಕಥೆ. ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ, ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಬಲಿಯದ ಕಾಯನ್ನೇ ಕೊಯ್ದರು, ಕೊಂಬೆ ಸಮೇತ ಕಡಿದರು. ಹಣ್ಣಾಗಿ ಉದುರಿದ್ದರೆ ಮಂಗಕ್ಕೂ ಅಳಿಲಿಗೂ ಸಿಕ್ಕಿ ಬೀಜ ಹರಡುತ್ತಿತ್ತು. ಜೊತೆಗೆ ಸುಗ್ಗಿ ಮಳೆಗಾಲದ್ದಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಅದಕ್ಕೆ ಸುಟ್ಟ ಸೌದೆಯೂ ಅದೇ ಕಾಡಿನದು. ಆಮೇಲೆ ಬೆಲೆ ಕುಸಿಯಿತು. ಕಡಿದ ಕೊಂಬೆ ಮಾತ್ರ ಬೆಲೆಯೊಂದಿಗೆ ಮತ್ತೆ ಏರಿ ಬರಲಿಲ್ಲ. ಅಡಿಕೆಯ, ಕಾಫಿಯ ಬೆಲೆಯ ಏರಿಳಿತ ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಚೀಟಿಯ ಬಗ್ಗೆ ಕಾನೂನನ್ನೂ ನೋಡಿದೆವು. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕೇಂದ್ರ ಕಾಯಿದೆಯ ಅನುಸೂಚಿಯಲ್ಲಿ ಬೊಜ್ಜು ಸಹ ಸೇರಿದೆ. ಇದಕ್ಕೆ ಮದ್ದು ಎಂದು ಜಾಹೀರಾತು ಮಾಡುವಂತಿಲ್ಲ. ನಮ್ಮ ಕರಡು ಅಚ್ಚಿಗೆ ಹೋಗಿದ್ದರೆ ಉತ್ತರ ಹೇಳಬೇಕಾದವರು ವ್ಯಾಪಾರಿ ಮಾತ್ರವಲ್ಲ, ಸಂಘದವರೂ. ಬೊಜ್ಜಿನ ಮಾತಿಲ್ಲದೆ, ಅಡುಗೆಯ ಹುಳಿಯೆಂದೇ ಮಾರುವುದಾದರೆ ಮಾತಾಡೋಣವೆಂದು ಅವರಿಗೆ ಉತ್ತರ ಬರೆದಿದ್ದೇವೆ. ಮರುಟಪಾಲು ಬಂದಿಲ್ಲ. ಆ ಆದಾಯ ನೆಚ್ಚಿಕೊಂಡಿದ್ದ ಸದಸ್ಯರಿಗೆ ಬೇಸರವಾಗಿದೆಯೆಂಬುದು ನಮಗೆ ಗೊತ್ತು. ಮುಂದಿನ ಸಭೆಯಲ್ಲಿ ಬೈಯಲು ಅವರಿಗೆ ಹಕ್ಕಿದೆ.

ಮರವನ್ನು ಮಾತ್ರ ಉಳಿಸಿಕೊಳ್ಳಿ. ಬೀಜದ ಸಸಿ ಫಲ ಕೊಡಲು 10–12 ವರ್ಷ ಬೇಕು, ಅದರಲ್ಲಿಯೂ ಅರ್ಧದಷ್ಟು ಗಂಡಾಗಿಬಿಡುತ್ತವೆ. ಕಸಿ ಗಿಡ 3–4ನೇ ವರ್ಷಕ್ಕೆ ಕಾಯಿ ಹಿಡಿಯುತ್ತದೆ. ನೆಟ್ಟಗೆ ಏಳುವ ಚಿಗುರಿನಿಂದ ಕಟ್ಟಿದ ಕಸಿ ಎತ್ತರಕ್ಕೆ ಹೋಗುತ್ತದೆ. ಅಡ್ಡಕೊಂಬೆಯದು ಪೊದೆಯಂತೆ ಹರಡುತ್ತದೆ, ಬೇಲಿಯಂಚಿಗೆ ಅದು ಅನುಕೂಲ. ತೋಟದಲ್ಲಿ ಹಳೆಯ ಗಂಡು ಮರವಿದ್ದರೆ ಕಾಯಿ ಬಿಡದೆಂದು ಕಡಿಯಬೇಡಿ, ಹೆಣ್ಣು ಮರಗಳಿಗೆ ಪರಾಗ ಅದರಿಂದಲೇ. ಇಲವಾಲದಂಥ ಬಯಲಿನ ಸೈಟಿನಲ್ಲಿ ನೆಡುವ ಆಸೆಯಿರುವವರು ಅಷ್ಟು ಮಳೆ ಅಲ್ಲಿಲ್ಲವೆಂಬುದನ್ನು ನೆನಪಿಡಬೇಕು. ಕಸಿ ಗಿಡ ಬೇಕಾದ ಸದಸ್ಯರು ಮುಂಗಾರಿಗೆ ಮೊದಲು, ಎಷ್ಟು ಬೇಕೆಂಬುದನ್ನು ತಿಳಿಸಿ ಕಚೇರಿಯಲ್ಲಿ ಹೆಸರು ಬರೆಸತಕ್ಕದ್ದು.