ಚಿಪ್ಪುಹಂದಿಯೂ ಅದರ ಚಿಪ್ಪಿನ ಔಷಧವೂ

ಚಿಪ್ಪುಹಂದಿಯು ಹಲ್ಲಿಲ್ಲದ ಸಾಧುಪ್ರಾಣಿ. ಹಗಲು ಬಿಲದಲ್ಲಿದ್ದು, ರಾತ್ರಿ ಹೊರಬಂದು, ಇರುವೆಗಳನ್ನೂ ಗೆದ್ದಲುಗಳನ್ನೂ ತಿಂದು ಜೀವಿಸುವುದು.

ಚೀನಾ ದೇಶದ ವೈದ್ಯರು ಇದರ ಚಿಪ್ಪನ್ನು ಹುರಿದು ಪುಡಿಮಾಡಿ, ಬಾಣಂತಿಯರಿಗೆ ಹಾಲು ಹೆಚ್ಚುವುದಕ್ಕೂ ಬಾವು ಇಳಿಯುವುದಕ್ಕೂ ಕೊಡುತ್ತಿದ್ದರು. 1596ರಲ್ಲಿ ಅಚ್ಚಾದ ಲೀ ಷಿಚೆನ್ ಎಂಬ ವೈದ್ಯನ ಔಷಧಗ್ರಂಥದಲ್ಲಿಯೂ ಈ ಪ್ರಾಣಿಯು ಉಕ್ತವಾಗಿದೆ.

ಆದರೆ ಈ ಚಿಪ್ಪು ಮನುಷ್ಯನ ಉಗುರು, ದನದ ಗೊರಸುಗಳಂತೆ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದುದು. ಅದರಲ್ಲಿ ರೋಗ ನಿವಾರಿಸುವ ಗುಣವುಂಟೆಂದು ರುಜುವಾತಾಗಿಲ್ಲ. 2020ರಲ್ಲಿ ಚೀನಾ ದೇಶವೇ ತನ್ನ ಸರ್ಕಾರಿ ಔಷಧಕೋಶದ ಮೂಲದ್ರವ್ಯಗಳ ಪಟ್ಟಿಯಿಂದ ಇದನ್ನು ತೆಗೆದುಹಾಕಿತು.

ಹೆಣ್ಣು ಸಾಮಾನ್ಯವಾಗಿ ಸಲಕ್ಕೆ ಒಂದೇ ಮರಿ ಹಾಕುವುದರಿಂದ, ಕೊಂದಷ್ಟು ಬೇಗ ಸಂತತಿ ಬೆಳೆಯಲಾರದು. ಫಸಲನ್ನೂ ಮನೆಯ ತೊಲೆಗಳನ್ನೂ ಕೆಡಿಸುವ ಗೆದ್ದಲನ್ನು ಖರ್ಚಿಲ್ಲದೆ ತಿಂದುಹಾಕುವ ಪ್ರಾಣಿಯನ್ನು ಕೊಲ್ಲುವುದು ರೈತನಿಗೇ ನಷ್ಟ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಬೇಟೆಯಾಡುವವರಿಗೂ ಚಿಪ್ಪು ಮಾರುವವರಿಗೂ 3ರಿಂದ 7 ವರ್ಷ ಸಜೆಯೂ ಜುಲ್ಮಾನೆಯೂ ಉಂಟು. ಆದುದರಿಂದ ಚಿಪ್ಪಿಗಾಗಿ ಹಣದ ಆಸೆ ತೋರಿಸುವವರು ಗ್ರಾಮಕ್ಕೆ ಬಂದಲ್ಲಿ, ಗ್ರಾಮದ ಮುಖಂಡರು ಕೂಡಲೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.