ಬೆಳ್ಳಕ್ಕಿಗಳ ಬಳಗ

ದಾವಣಗೆರೆಯ ನಿಟ್ಟುವಳ್ಳಿಯಿಂದ ಹೊರಟು ನಗರದ ಎಲ್ಲೆಯನ್ನು ದಾಟಿದರೆ, ಭದ್ರಾ ನಾಲೆಯ ನೀರಿನಿಂದ ಬೆಳೆಯುವ ಭತ್ತದ ಗದ್ದೆಗಳು ಕಾಣುತ್ತವೆ. ನಾಟಿಗಾಗಿ ಗದ್ದೆಗಳನ್ನು ಹದಗೊಳಿಸುವ ಕಾಲದಲ್ಲಿ ಅಲ್ಲಿ ಬಿಳಿಯ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಅವನ್ನೆಲ್ಲ ನಾವು ಬೆಳ್ಳಕ್ಕಿ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಸಾವಧಾನದಿಂದ ನೋಡಿದವರಿಗೆ ಆ ಬಿಳುಪಿನಲ್ಲಿಯೂ ನಾಲ್ಕು ಬಗೆಗಳು ತೋರುತ್ತವೆ.

ಎತ್ತುಗಳ ಇಲ್ಲವೆ ಟ್ರ್ಯಾಕ್ಟರಿನ ಹಿಂದೆ ನಡೆಯುತ್ತ, ಮಣ್ಣಿನಿಂದೆದ್ದ ಹುಳುಗಳನ್ನು ಹೆಕ್ಕುವುದು ಗೋವಕ್ಕಿ. ಇದರ ಕತ್ತು ಮೋಟು, ಕೊಕ್ಕು ಹಳದಿ. ಮರಿಮಾಡುವ ಕಾಲದಲ್ಲಿ ಇದರ ತಲೆ, ಕತ್ತು, ಬೆನ್ನುಗಳು ಕಿತ್ತಳೆಯ ಛಾಯೆಯನ್ನು ತಾಳುತ್ತವೆ. ಕಿರು ಬೆಳ್ಳಕ್ಕಿಯ ಕೊಕ್ಕೂ ಕಾಲೂ ಕಪ್ಪು. ಬೆರಳುಗಳು ಮಾತ್ರ ಹಳದಿ. ಆ ಬೆರಳುಗಳಿಂದ ನೀರನ್ನು ಕಲಕಿ, ಅಡಗಿದ ಮೀನುಗಳನ್ನು ಅದು ಹೊರಡಿಸುತ್ತದೆ. ಇನ್ನುಳಿದವು ಮಧ್ಯಮ ಬೆಳ್ಳಕ್ಕಿ ಮತ್ತು ದೊಡ್ಡ ಬೆಳ್ಳಕ್ಕಿ. ಇವೆರಡರ ಕೊಕ್ಕೂ ಸಾಮಾನ್ಯವಾಗಿ ಹಳದಿ. ಮರಿಮಾಡುವ ಕಾಲದಲ್ಲಿ ಕಪ್ಪಾಗುತ್ತದೆ. ಆದುದರಿಂದ ಬಣ್ಣವನ್ನೇ ನಂಬಿದವರು ಮೋಸಹೋಗುತ್ತಾರೆ. ಬಾಯಿಯ ಸೀಳು ಕಣ್ಣಿನ ಕೆಳಗೇ ನಿಂತರೆ ಅದು ಮಧ್ಯಮ ಬೆಳ್ಳಕ್ಕಿ. ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿದ್ದರೆ ದೊಡ್ಡ ಬೆಳ್ಳಕ್ಕಿ.

ಇಂತಹ ಒಂದೊಂದು ಬಗೆಯನ್ನೂ ವಿಜ್ಞಾನಿಗಳು ಪ್ರಭೇದವೆನ್ನುತ್ತಾರೆ. ಹತ್ತಿರದ ಸಂಬಂಧವುಳ್ಳ ಪ್ರಭೇದಗಳು ಸೇರಿ ಒಂದು ಕುಲ. ಇಂತಹ ಕುಲಗಳು ಸೇರಿ ಒಂದು ಕುಟುಂಬ. ಬೆಳ್ಳಕ್ಕಿಗಳೆಲ್ಲವೂ ಬಕಗಳ ಕುಟುಂಬಕ್ಕೆ ಸೇರಿದವು. ಸ್ವೀಡನ್ ದೇಶದ ಕಾರ್ಲ್ ಲಿನೇಯಸನು 1758ರಲ್ಲಿ ದೊಡ್ಡ ಬೆಳ್ಳಕ್ಕಿಯನ್ನು ಬೂದು ಬಕದೊಡನೆ ಆರ್ಡಿಯ ಎಂಬ ಕುಲದಲ್ಲಿ ಇರಿಸಿದನು. ಮುಂದೆ ಕೆಲವು ವಿದ್ವಾಂಸರು ಅದನ್ನು ಕಿರು ಬೆಳ್ಳಕ್ಕಿಯಿರುವ ಇಗ್ರೆಟ ಕುಲಕ್ಕೆ ಸೇರಿಸಿದರು. ಡಿ.ಎನ್.ಎ. ಪರೀಕ್ಷೆಗಳು ಬಂದ ಮೇಲೆ ಅದು ಮರಳಿ ಆರ್ಡಿಯ ಕುಲಕ್ಕೇ ಬಂದಿತು. ಬಿಳಿಯ ಕಿರು ಬೆಳ್ಳಕ್ಕಿಗಿಂತ ಬೂದು ಬಣ್ಣದ ಬಕವೇ ಅದಕ್ಕೆ ಸಮೀಪದ ಬಂಧು! ಗರಿಯ ಬಣ್ಣ ಒಂದೇ ಆದ ಮಾತ್ರಕ್ಕೆ ನೆಂಟಸ್ತನ ಸಿದ್ಧಿಸುವುದಿಲ್ಲ.

ಈ ವಿಂಗಡಣೆ ಕೇವಲ ಪಂಡಿತರ ಚರ್ಚೆಯ ವಿಷಯವೆಂದು ಭಾವಿಸಬಾರದು. ಗೋವಕ್ಕಿಗೆ ಹುಲ್ಲುಗಾವಲಿನ ಕೀಟಗಳು ಸಾಕು. ದೊಡ್ಡ ಬೆಳ್ಳಕ್ಕಿಗೆ ಮೀನುಳ್ಳ ಕೆರೆ ಬೇಕು. ಕೆರೆ ಬತ್ತಿ ದೊಡ್ಡ ಬೆಳ್ಳಕ್ಕಿ ಮರೆಯಾದರೂ ಹೊಲಗಳಲ್ಲಿ ಗೋವಕ್ಕಿಗಳು ಬೆಳ್ಳಗೆ ಕಾಣುತ್ತಲೇ ಇರುತ್ತವೆ. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವವರಿಗೆ ಆ ನಷ್ಟದ ಅರಿವೇ ಆಗದು. ಬೇರೆ ಬೇರೆಯಾಗಿ ಗುರುತಿಸಬಲ್ಲವರು ಮಾತ್ರ ಯಾವುದು ಇಲ್ಲವಾಯಿತೆಂದು ಹೇಳಬಲ್ಲರು. ರಕ್ಷಣೆಯ ಕಾರ್ಯ ಆರಂಭವಾಗುವುದು ಅಲ್ಲಿಂದಲೇ.